ದೊಡ್ಡಪ್ಪನ ಸಾಕ್ಷಿ

ನಮ್ಮ ದೊಡ್ಡಪ್ಪ ಚುನಾವಣೆಗೆ ನಿಂತಾಗ ಗೋರೆಗಾಂವ್‌ನ ವಠಾರದಂಥ ಒಂದೊಂದು ಚಾಳಿಗೂ ಒಬ್ಬರೇ ಹೋಗಿ ಮತ ಕೇಳಿದರು. ಹಿಂಬಾಲಕರು ಇರಲಿಲ್ಲವೆಂದಲ್ಲ. ಹದಿನೆಂಟು ವರ್ಷ ಪಲ್ಟನ್ನಿನಲ್ಲಿ ಹೆಜ್ಜೆ ಹಾಕಿ ಬಂದ ಹವಾಲ್ದಾರರ ನಡಿಗೆಗೆ ಅವರು ಸಮ ಬರಲಿಲ್ಲ, ಅಷ್ಟೆ. ಬಾವುಟ ಹಿಡಿದವರು ಸ್ಟೇಷನ್ ಹತ್ತಿರ ಏದುಸಿರು ಬಿಡುವಷ್ಟರಲ್ಲಿ ಇವರು ಮೂರನೆಯ ಚಾಳು ಮುಗಿಸಿರುತ್ತಿದ್ದರು. ಭಾಷಣ ಮೂರೇ ವಾಕ್ಯ. ಅದರಲ್ಲಿ ಕೊನೆಯದು, ನೆರೆದವರು ಇನ್ನು ಆರಾಮಾಗಿ ನಿಲ್ಲಬಹುದೆಂಬ ಆಜ್ಞೆ. ನೀರಿನ ನಲ್ಲಿಯ ಮುಂದೆ ಹೆಂಗಸರನ್ನು ಎತ್ತರದ ಪ್ರಕಾರ ನಿಲ್ಲಿಸಿದರೆಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ನಿಲ್ಲಿಸಿದ್ದು ಕೊಡಗಳನ್ನು ಮಾತ್ರ.

ಗೆದ್ದು ಕಾರ್ಪೊರೇಟರ್ ಆದರು. ಮಾಜಿ ಸೈನಿಕರ ಸರ್ಕಾರಿ ಕಮಿಟಿಗೂ ಅವರನ್ನು ಸೇರಿಸಿಕೊಂಡರು. ಅಂದಿನಿಂದ ನಮ್ಮ ಚಾಳಿನ ಮನೆಗಳ ಮುಂದಿನ ಗ್ಯಾಲರಿಯೇ ಕಚೇರಿ. ಪಿಂಚಣಿ ನಿಂತವರು, ಕಾಲು ಹೋದವರು, ಗಂಡನನ್ನು ಕಳೆದುಕೊಂಡವರು ಅಲ್ಲಿ ಬಂದು ಕೂರುತ್ತಿದ್ದರು. ಅವರ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆಯುವವಳು ನಾನು. ಆಗ ನನಗೆ ಹದಿನಾಲ್ಕು. ಜಂಬ ನಲವತ್ತರದ್ದು.

ದೊಡ್ಡಪ್ಪನಿಗೆ ಇಂಗ್ಲಿಷ್ ಬರುತ್ತದೆಂದು ಇಡೀ ಚಾಳು ನಂಬಿತ್ತು. ಬರುತ್ತಿರಲಿಲ್ಲ. ಪಲ್ಟನ್ನಿನಲ್ಲಿ ಅವರಿಗೆ ಹಿಂದಿಯನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಲಿಸಿದ್ದರು. ಹಾಗಾಗಿ ಎಂಥ ಇಂಗ್ಲಿಷ್ ಕಾಗದವನ್ನಾದರೂ ಎದೆ ಸೆಟೆಸಿ, ಮೂರು ಮನೆಗೆ ಕೇಳುವಂತೆ ಓದಬಲ್ಲವರಾಗಿದ್ದರು. ಅರ್ಥ ಮಾತ್ರ ಒಂದಕ್ಷರವೂ ಆಗುತ್ತಿರಲಿಲ್ಲ. ಆದರೂ ಪೂರ್ತಿ ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಈ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು.

ಒಂದು ದಿನ ವಿಜಾಪುರ ಕಡೆಯ ಅಕ್ಕ ಒಬ್ಬಳು ಬಂದಳು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಅವಳ ಗಂಡ ಅರವತ್ತೈದರ ಲಡಾಯಿಯಲ್ಲಿ ದೊಡ್ಡಪ್ಪನ ಪಲ್ಟನ್ನಿನಲ್ಲೇ ಲಾರಿ ಓಡಿಸುತ್ತ ಸತ್ತವನು. ಕಾಗದದಲ್ಲಿ ಬರೀ ‘ಅಪಘಾತ’ ಎಂದಿದ್ದುದರಿಂದ ಪಿಂಚಣಿ ಸಿಕ್ಕಿರಲಿಲ್ಲ. ಡ್ಯೂಟಿಯ ಮೇಲಿದ್ದ ಎಂದು ಕಣ್ಣಾರೆ ಕಂಡವರೊಬ್ಬರು ಬರೆದುಕೊಟ್ಟರೆ ಸಿಗುತ್ತಿತ್ತು. ಕಂಡವರಲ್ಲಿ ಉಳಿದಿದ್ದವರು ದೊಡ್ಡಪ್ಪ ಒಬ್ಬರೇ. ಅವನನ್ನು ಲಾರಿಯಡಿಯಿಂದ ಎಳೆದದ್ದೂ ಅವರೇ.

“ನಾಕ ಸಾಲು ಬರಿಯವ್ವಾ,” ಎಂದರು ದೊಡ್ಡಪ್ಪ ನನಗೆ. “ಮದ್ದುಗುಂಡಿನ ಲಾರಿ ಒಯ್ಯಾಕತ್ತಿದ್ದ. ಘಾಟಿನ್ಯಾಗ ಉರುಳಿತು. ನಾ ಹಿಂದಿನ ಲಾರಿಯೊಳಗಿದ್ದೆ. ಅಷ್ಟ ಸಾಕು.”

ನಾಲ್ಕು ಸಾಲು ಬರೆಯುವುದಕ್ಕೆ ನನ್ನಂಥವಳು ಯಾಕೆ ಬೇಕು? ನಾನು ಎರಡು ಪುಟ ಬರೆದೆ. ಅದರಲ್ಲಿ ಅವನು ಉರಿಯುವ ಲಾರಿಯನ್ನು ಶತ್ರುವಿನ ಟ್ಯಾಂಕಿನ ಮೇಲೆ ನುಗ್ಗಿಸಿದ. ಎದೆಗೆ ಏಳು ಗುಂಡು ತಿಂದ. ಏಳನೆಯದು ತಗುಲಿದ ಮೇಲೂ ಅರ್ಧ ಪುಟ ಮಾತಾಡಿದ. ಆ ಅಕ್ಕನಿಗೆ ಅದನ್ನೆಲ್ಲ ಕನ್ನಡದಲ್ಲಿ ಹೇಳಿ ತೋರಿಸಿದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಥಿಯೇಟರು ತುಂಬಿದಷ್ಟು ಖುಷಿ ನನಗೆ.

ಸಂಜೆ ದೊಡ್ಡಪ್ಪ ಎದ್ದು ನಿಂತು ಓದಿದರು. ಎರಡನೆಯ ಪುಟದಲ್ಲಿ ತಡೆದರು.

“ಟ್ಯಾಂಕ್ ಯಾಕ ಬಂತವ್ವಾ ಇಲ್ಲಿ?”

“ಇಂಗ್ಲಿಷ್ ಅರ್ಜಿಯೊಳಗ ಹಂಗ ಬರೀತಾರ್ರಿ, ದೊಡ್ಡಪ್ಪಾ.”

ನನ್ನ ಮುಖ ನೋಡಿದರು. ನಂಬಿದರು. ಸಹಿ ಹಾಕಿದರು.

ಐದು ತಿಂಗಳ ಮೇಲೆ ಉತ್ತರ ಬಂತು. ಲಾರಿ ಉರುಳಿದ ಘಾಟಿಗೆ ಟ್ಯಾಂಕು ಹತ್ತುವುದೇ ಸಾಧ್ಯವಿಲ್ಲ, ಅಲ್ಲಿ ಲಡಾಯಿಯೇ ಆಗಿಲ್ಲ, ಸಾಕ್ಷಿ ಸುಳ್ಳು, ಅರ್ಜಿ ತಿರಸ್ಕೃತ. ಅದನ್ನು ಕನ್ನಡದಲ್ಲಿ ಹೇಳಬೇಕಾದವಳೂ ನಾನೇ. ಏನನ್ನೂ ಸೇರಿಸದೆ ನಾನು ಹೇಳಿದ ಮೊದಲ ಮಾತುಗಳು ಬಹುಶಃ ಅವೇ. ದೊಡ್ಡಪ್ಪನನ್ನು ಸರ್ಕಾರಿ ಕಚೇರಿಗೆ ಕರೆಸಿ ಇದನ್ನು ಬರೆದವರು ಯಾರೆಂದು ಕೇಳಿದರಂತೆ. ‘ನಾನೇ ಬರೆಸಿದ್ದು’ ಎಂದರಂತೆ ದೊಡ್ಡಪ್ಪ. ಕಮಿಟಿಯಿಂದ ಅವರ ಹೆಸರು ಹೋಯಿತು. ಮುಂದಿನ ಚುನಾವಣೆಗೆ ಪಕ್ಷದವರು ಟಿಕೆಟ್ಟೂ ಕೊಡಲಿಲ್ಲ. ನನಗೆ ಮಾತ್ರ ಅವರು ಬೈಯಲೇ ಇಲ್ಲ. ಬೈದಿದ್ದರೆ ಅದನ್ನೂ ಉಬ್ಬಿಸಿ ಹೇಳಿ ಯಾರನ್ನಾದರೂ ನಗಿಸಬಹುದಿತ್ತು.

ಆ ಅಕ್ಕ ಮತ್ತೆ ಬಂದಳು. ಅವಳಿಗೆ ಸಿಟ್ಟಿರಲಿಲ್ಲ, ಅದೇ ಕಷ್ಟ.

“ಲಾರಿ ಉರುಳಿದ್ದು ನನಗ ಮೊದ್ಲ ಗೊತ್ತಿತ್ತು,” ಎಂದು ನನಗೆ ಹೇಳಿದಳು. “ಆದ್ರ ನೀ ಓದಿದ್ದು ಕೇಳಿ, ಇದ ಖರೇ ಇದ್ದೀತು ಅನಿಸ್ತು.” ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು. “ಈಗ ಖರೇದ್ದ ಬರದ ಕೊಡ್ರಿ, ಅಣ್ಣಾರ.”

“ನನ್ನ ಖರೇ ಇನ್ನ ನಡಿಯಂಗಿಲ್ಲವ್ವಾ,” ಎಂದರು ದೊಡ್ಡಪ್ಪ.

ಆದರೂ ಬರೆದೆವು. ಅವರು ಹೇಳಿದ್ದ ಆ ನಾಲ್ಕೇ ಸಾಲು. ಅವರು ನಿಂತು ಓದಿದರು, ಕೆಳಗೆ ಸಹಿ ಹಾಕಿದರು. ಕಾಗದ ಹದಿನೈದು ದಿನಗಳಲ್ಲಿ ವಾಪಸು ಬಂತು. ಸಾಕ್ಷಿ ಹಿಂದೆ ಸುಳ್ಳು ಹೇಳಿದ ಅದೇ ಮನುಷ್ಯನದು ಎಂದು ಮೇಲೆ ಗುರುತು ಹಾಕಿದ್ದರು. ಬೇರೆ ಸಾಕ್ಷಿ ತರಬಹುದಂತೆ. ಅಷ್ಟರಲ್ಲಿ ಇಲ್ಲಿಯ ಕಟ್ಟಡ ಮುಗಿದು ಆ ಅಕ್ಕನ ಗ್ಯಾಂಗು ಬೊರಿವಲಿಗೆ ಹೋಗಿತ್ತು. ಭಾನುವಾರ ನಾನೂ ದೊಡ್ಡಪ್ಪನೂ ಅಲ್ಲಿಗೆ ಹೋಗಿ ಇದನ್ನು ಹೇಳಿ ಬಂದೆವು. ಅವಳು ತಲೆಯ ಮೇಲಿನ ಇಟ್ಟಿಗೆ ಇಳಿಸದೆ ಕೇಳಿಸಿಕೊಂಡಳು, ಏಣಿ ಹತ್ತಿದಳು.