ಸಿಸ್ಟರಮ್ಮನ ಸ್ಪ್ಯಾನಿಷ್

ಅವರ ಹಿಮ್ಮಡಿಗಳು ಒಡೆದಿದ್ದವು. ಬಿರುಕುಗಳಲ್ಲಿ ಊರಿನ ಸಿಮೆಂಟು ಕಾರ್ಖಾನೆಯ ಧೂಳು ಕೂತು ಬೂದುಬಣ್ಣದ ಗೆರೆಗಳಾಗಿದ್ದವು. ವಾಡಿಯ ಪುಟ್ಟ ಮಿಶನ್ ದವಾಖಾನೆಯ ಈ ಸ್ಪೇನ್ ದೇಶದ ನರ್ಸನ್ನು ಊರೆಲ್ಲ ಸಿಸ್ಟರಮ್ಮ ಎನ್ನುತ್ತಿತ್ತು. ಕನ್ನಡವನ್ನು ಅವರು ರೋಗಿಗಳಿಂದಲೇ ಕಲಿತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಪಕ್ಕದ ನಾಲವಾರದ ಕಡೆಯ ಯಾವುದೋ ಹೆಂಗಸು ಮಾತಾಡಿದಂತಿರುತ್ತಿತ್ತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಡಿಪ್ಲೊಮಾ ಓದುತ್ತಿದ್ದ ನಾನು ಮೌಖಿಕ ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಬಂದಿದ್ದೆ. ನನ್ನನ್ನು ಕೆಡವಿದ್ದು ನಿಯಮಕ್ಕೆ ಬಗ್ಗದ ವರ್ತಮಾನಕಾಲದ ಕ್ರಿಯಾಪದಗಳು. ರೈಲ್ವೆ ಗುಮಾಸ್ತರಾಗಿದ್ದ ಅಪ್ಪ, ಮರುಪರೀಕ್ಷೆಯೂ ಹೋದರೆ ಓದು ಅಲ್ಲಿಗೇ ಸಾಕು, ವರ ನೋಡುತ್ತೇನೆ ಎಂದಿದ್ದರು. ಸಿಸ್ಟರಮ್ಮನ ಹತ್ತಿರ ಪಾಠಕ್ಕೆ ಹೋಗಲು ಒಪ್ಪಿಕೊಂಡರು. ಅಜ್ಜಿಯದು ಮಾತ್ರ ಒಂದು ಷರತ್ತು: ಅಲ್ಲಿ ಹನಿ ನೀರನ್ನೂ ಮುಟ್ಟಕೂಡದು, ಬಂದ ಮೇಲೆ ಸ್ನಾನ.

ಸಿಸ್ಟರಮ್ಮ ಪುಸ್ತಕ ತೆರೆಯಲಿಲ್ಲ, ನನ್ನಿಂದ ದವಾಖಾನೆಯ ಕೆಲಸ ಮಾಡಿಸುತ್ತಲೇ ಹೇಳಿಸಿದರು. ಬ್ಯಾಂಡೇಜು ಸುತ್ತುವಾಗ 'ಆಗೊ', ಮಾಡುತ್ತೇನೆ. ಸೀಸೆ ಇಡುವಾಗ 'ಪೊಂಗೊ', ಇಡುತ್ತೇನೆ. ಹೇಳದೆ ಇಟ್ಟರೆ ಸೀಸೆಯನ್ನು ಮತ್ತೆ ಎತ್ತಿಸುತ್ತಿದ್ದರು. ಈ ಪದಗಳೇ ಏಕೆ ಇಷ್ಟು ವಕ್ರ ಎಂದು ಕೇಳಿದೆ.

"ದಿನಾ ಬಳಸೋ ಮಾತು ಯವ್ವಾ. ಬಳಸಿ ಬಳಸಿ ಸವದಾವ."

ಪಾಠದ ಹೊತ್ತಿನಲ್ಲಿ ಅವರು ನೀರು ಕುಡಿದದ್ದನ್ನು ನಾನು ನೋಡಿರಲಿಲ್ಲ. ಅದು ಅವರ ಸ್ವಭಾವ ಎಂದುಕೊಂಡಿದ್ದೆ, ಅಥವಾ ಏನನ್ನೂ ಅಂದುಕೊಂಡಿರಲಿಲ್ಲ. ಒಂದು ಮಧ್ಯಾಹ್ನ ವಾಂತಿಭೇದಿಯ ರೋಗಿಗಳನ್ನು ನೋಡಿ ಬಂದವರು ಪಾಠದ ನಡುವೆ ತಲೆ ತಿರುಗಿ ಗೋಡೆಗೆ ಒರಗಿ ಕೂತರು. ಕಂಪೌಂಡರ್ ಓಡಿ ಬಂದ.

"ಈಕಿ ಬಂದಾಗೆಲ್ಲ ನೀರು ಕುಡಿಯೋದ ಬಿಡ್ತೀರಿ. ನೀವೇ ಮಲಗಿದ್ರ ಊರಿಗೆ ಔಷಧ ಕೊಡೋರು ಯಾರ್ರಿ?"

"ಆಕಿ ಬಾಯಿ ಒಣಗಿಸಿಕೊಂಡು ಕುಂತಾಳ. ಎದುರಿಗಿ ಹೆಂಗ ಕುಡೀಲಿ?"

ಈ ಮಾತುಗಳು ಹೀಗೇ ಇದ್ದವೆಂದು ಆಣೆ ಇಡಲಾರೆ. ಆ ದಿನದ ದಿನಚರಿಯಲ್ಲಿ ನಾನು ಬಿಸಿಲಿನ ಬಗ್ಗೆ ಮಾತ್ರ ಬರೆದಿದ್ದೇನೆ.

ಮನೆಯಲ್ಲಿ ಹೇಳಿದೆ. ಅಪ್ಪ ಹಾಗಿದ್ದರೆ ಪಾಠ ನಿಲ್ಲಿಸು, ಅವರಿಗೇಕೆ ತೊಂದರೆ ಎಂದರು. ಪಾಠ ನಿಂತರೆ ಪರೀಕ್ಷೆಯೂ ಮುಗಿದಂತೆಯೇ. ರಾತ್ರಿ ನಾನು ಊಟ ಬಿಟ್ಟೆ. ಮರುದಿನ ನಾನು ಏಳುವಷ್ಟರಲ್ಲಿ ಅಜ್ಜಿ ಮಡಿಯಲ್ಲಿ ತಾವೇ ಬಾವಿಯಿಂದ ಸೇದಿದ ನೀರನ್ನು ದೊಡ್ಡ ತಾಮ್ರದ ತಂಬಿಗೆಗೆ ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಇಟ್ಟಿದ್ದರು.

"ನಮ್ಮ ಬಾವಿ ನೀರದ. ಇಬ್ಬರೂ ಕುಡೀರಿ. ಮೊದಲ ಆಕಿಗಿ ಕೊಡು."

ಆಮೇಲೆ ಮೆಲ್ಲಗೆ, "ಎತ್ತಿ ಕುಡೀಲಿಕ್ಕೆ ಬರ್ತದೇನು ಆಕಿಗಿ?" ಎಂದು ಕೇಳಿದರು.

ಬರುತ್ತಿತ್ತು. ಒಂದು ಹನಿಯೂ ಚೆಲ್ಲದಂತೆ ಕುಡಿಯುತ್ತಿದ್ದರು. ರಜೆ ಮುಗಿಯುವವರೆಗೂ ಆ ತಂಬಿಗೆ ಹೋಗಿ ಬಂತು. ಸ್ನಾನದ ಷರತ್ತು ಮಾತ್ರ ಸಡಿಲವಾಗಲಿಲ್ಲ.

ಮರುಪರೀಕ್ಷೆಯಲ್ಲಿ ಕ್ರಿಯಾಪದಗಳು ಕೈ ಕೊಡಲಿಲ್ಲ. ಆದರೆ ಮ್ಯಾಡ್ರಿಡ್‌ನಿಂದ ಬಂದಿದ್ದ ಪರೀಕ್ಷಕರು ನಗು ತಡೆದುಕೊಂಡು, ನಿಮ್ಮದು ಬೆಟ್ಟದಲ್ಲಿ ಹಸು ಕಾಯುವವರ ಉಚ್ಚಾರಣೆ, ಎಲ್ಲಿ ಕಲಿತಿರಿ ಎಂದು ಕೇಳಿದರು. ವಾಡಿಯಲ್ಲಿ ಎಂದೆ. ಪಾಸು ಮಾಡಿದರು. ಅಪ್ಪ ವರನ ಮಾತು ಎತ್ತಲಿಲ್ಲ.

ಊರಿಗೆ ಬಂದಾಗ ಸಿಸ್ಟರಮ್ಮನಿಗೆ ಪರೀಕ್ಷಕರ ಮಾತನ್ನು ಹೇಳಲೋ ಬೇಡವೋ ಎಂದು ಅಳುಕುತ್ತಲೇ ಹೇಳಿದೆ. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಗು ನಿಂತ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮಪ್ಪ ಆಕಳಾನೇ ಕಾಯ್ತಿದ್ದ ಯವ್ವಾ. ಅವಂದೇ ಮಾತದು."

ಕೆಲವು ವರ್ಷಗಳ ಮೇಲೆ ಅವರು ಕಾಮಾಲೆಯಲ್ಲಿ ತೀರಿಕೊಂಡರು. ವಾಡಿಯಲ್ಲೇ ಮಣ್ಣು ಮಾಡಿದರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ನಾನು ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಕಲಿಸತೊಡಗಿದ್ದೆ. ಉಚ್ಚಾರಣೆ ತಿದ್ದಿಕೊಳ್ಳಿ, ವಿದ್ಯಾರ್ಥಿಗಳಿಗೂ ಅದೇ ಅಂಟುತ್ತದೆ ಎಂದು ಸಹೋದ್ಯೋಗಿಗಳು ಹಲವು ಸಲ ಹೇಳಿದರು. ತಿದ್ದಿಕೊಳ್ಳುವುದು ಕಷ್ಟವಾಗಿರಲಿಲ್ಲ. ತಿದ್ದಿಕೊಳ್ಳಲಿಲ್ಲ.