ಕಗ್ಗದಕ್ಕಿಗೆ ಹೋದ ದೋಣಿ

ಭಟ್ಕಳದಿಂದ ತದಡಿಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಅಪ್ಪ ದೋಣಿಯಲ್ಲಿ ಮೂರು ದಿನ ಮಾಡುತ್ತಿದ್ದ. ಬೇಸಿಗೆಯ ಕೊನೆಗೆ, ಮಳೆಗಾಲಕ್ಕೆ ದೋಣಿ ದಡ ಹತ್ತಿಸುವ ಮೊದಲು, ತದಡಿ ಹತ್ತಿರದ ಹಿರೇಗುತ್ತಿಯಲ್ಲಿ ಅವನ ತಂಗಿ, ನನ್ನ ಅತ್ತೆ, ಬೆಳೆದ ಕಗ್ಗದಕ್ಕಿ ತರುವುದು ಅವನ ಪದ್ಧತಿ. ಉಪ್ಪುನೀರ ಗದ್ದೆಯ ಆ ಕೆಂಪಕ್ಕಿ ಅಂಗಡಿಯಲ್ಲೂ ಸಿಗುತ್ತದೆ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ಅಮ್ಮ ನನ್ನನ್ನೂ ಜೊತೆಗೆ ಅಟ್ಟಿದಳು. ಅಪ್ಪನ ಒಂದು ಕಣ್ಣು ಹೋಗಿತ್ತು, ಇನ್ನೊಂದೂ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಒಂದು ಸಾಕು ಎಂದು ಅಪ್ಪನ ಹಟ.

"ನೀ ನೋಡ್ಕಂಡು ಬಾ. ಕಾಣ್ತಿಲ್ಲ ಅಂದ್ರೆ ದೋಣಿ ಮಾರಿಬಿಡುವ" ಎಂದಳು ಅಮ್ಮ.

ನಾನು ಶಾಲೆ ಮಾಸ್ತರ. ಸಮುದ್ರದ ಜ್ಞಾನ ಅಷ್ಟಕ್ಕಷ್ಟೇ, ತೀರ್ಪು ಮಾತ್ರ ನನ್ನದು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅಪ್ಪನ ಮುಖ ನೋಡಲಾಗದೆ ನೀರು ನೋಡುತ್ತ ಕೂತೆ.

ಮೊದಲ ದಿನ ಮುರ್ಡೇಶ್ವರದ ಗುಡ್ಡದ ಮರೆಯಲ್ಲಿ ಲಂಗರು ಹಾಕಿದೆವು. ಗಂಜಿ, ಬಂಗಡೆ ಸಾರು, ನಿದ್ದೆ. ಮರುದಿನ ಅಪ್ಪ ಭಾರೀ ಖುಷಿಯಲ್ಲಿದ್ದ. ಗಳಿಗೆಗೊಮ್ಮೆ, "ದಡದಲ್ಲಿ ಎಂತ ಕಾಣ್ತದೆ, ಹೇಳು ನೋಡ್ವಾ" ಎನ್ನುತ್ತಿದ್ದ. ನಾನು ಹೇಳುತ್ತ ಹೋದೆ. ಚಿಕ್ಕಂದಿನಲ್ಲಿ ದೋಣಿ ಮುಟ್ಟಿದರೆ ಪುಸ್ತಕ ಹಿಡಿ ಎಂದು ಓಡಿಸುತ್ತಿದ್ದವನು ಈಗ ತನ್ನ ವಿದ್ಯೆ ಕಲಿಸುತ್ತಿದ್ದಾನೆಂದು ನನಗೆ ಹಿಗ್ಗು.

ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬವಿದೆ. ಅದನ್ನು ತಪ್ಪಿಸಿ ಅಳಿವೆಯೊಳಗಿನ ಕಾಸರಕೋಡಿಗೆ ಹೋಗಲು ಅಪ್ಪನ ಗುರುತು ಎರಡು: ಗುಡ್ಡದ ಮೇಲಿನ ಟವರು, ದಡದ ಜೋಡಿ ತೆಂಗು. ಒಂದರ ಹಿಂದೊಂದು ಬಂದಾಗ ನೇರ ನುಗ್ಗಬೇಕು.

"ಸಾಲಿಗೆ ಬಂದ ಕೂಡ್ಲೆ ಹೇಳು" ಎಂದ.

ಆ ದಂಡೆಯಲ್ಲಿ ತೆಂಗಿಗೇನು ಬರವೇ? ನನಗೆ ಕಂಡ ಜೋಡಿಯನ್ನು ಹಿಡಿದು, "ಆತು!" ಎಂದು ಕೂಗಿದೆ. ಅಪ್ಪ ಚುಕ್ಕಾಣಿ ತಿರುಗಿಸಿದ. ದೋಣಿ ಮರಳಿಗೆ ಕೆರೆದು ನಿಂತಿತು.

ಅಪ್ಪ ಅದೇ ತಪ್ಪು ತೆಂಗಿನತ್ತ ಮುಖ ಮಾಡಿ ಕೂತಿದ್ದ. ಪಾಠ ಓದದ ಹುಡುಗರು ಪ್ರಶ್ನೆಯನ್ನು ನನಗೇ ತಿರುಗಿಸುವುದನ್ನು ದಿನಾ ನೋಡುವವನು ನಾನು. ಬೆಳಗಿನಿಂದ ಅಪ್ಪ ಮಾಡಿದ್ದೂ ಅದನ್ನೇ; ಅವನಿಗೆ ದಡ ಕಾಣುತ್ತಲೇ ಇರಲಿಲ್ಲ. ನನಗೆ ಅಳು ಬಂತು, ಜೊತೆಗೇ ಕೋಪವೂ.

"ಮೊದ್ಲೇ ಹೇಳೂಕೆ ಎಂತ ಆಗಿತ್ತು ಅಪ್ಪಾ?"

"ಹೇಳಿದ್ರೆ ನೀ ಬಸ್ಸಿಗೆ ಹೋಗ್ವಾ ಅಂತಿದ್ದೆ."

ಉಬ್ಬರ ಏರಿ ದೋಣಿ ತಾನಾಗಿ ತೇಲಿತು. ಕಾಸರಕೋಡಿನಲ್ಲಿ ಲಂಗರು ಹಾಕಿದಾಗ ಅಮ್ಮನ ಫೋನು ಬಂತು. ಬಂದ ಮೇಲೆ ಹೇಳುತ್ತೇನೆ ಎಂದೆ. "ಈಗ್ಲೇ ಹೇಳು ಮಗಾ. ನಾಳೆ ಚುಕ್ಕಾಣಿ ನೀನೇ ಹಿಡಿ" ಎಂದ ಅಪ್ಪ. ಹೇಳಿದೆ. ಅಪ್ಪನಿಗೆ ಕಾಣುತ್ತಿಲ್ಲ ಎಂದು.

ಮರುದಿನ ಅಪ್ಪ ಮುಂದೆ ಕೂತು ಕುಮಟೆಯ ದಂಡೆಯ ಗುರುತುಗಳನ್ನೆಲ್ಲ ಬಾಯಲ್ಲೇ ಹೇಳಿದ, ನಾನು ನಡೆಸಿದೆ. ಅಘನಾಶಿನಿಯ ಅಳಿವೆಯನ್ನು ಎಲ್ಲೂ ತಾಗದೆ ದಾಟಿದೆವು. ತದಡಿಯಲ್ಲಿ ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಅತ್ತೆ ನಿಂತು ಎರಡೂ ಕೈ ಬೀಸುತ್ತಿದ್ದಳು.

"ಯಾರಾದ್ರೂ ಬಂದಿದಾರಾ?" ಎಂದು ಅಪ್ಪ ಕೇಳಿದ.

"ಅತ್ತೆ ಬಂದಿದಾಳೆ."

ಅಪ್ಪ ಎದ್ದು ನಿಂತು, ಬಾಯ್ತುಂಬ ನಗುತ್ತ, ಯಾರೂ ಇಲ್ಲದ ಕಡೆಗೆ ಕೈ ಬೀಸತೊಡಗಿದ. ನಾನು ಚುಕ್ಕಾಣಿ ಒತ್ತಿ, ಅವನ ಕೈ ಅತ್ತೆಯ ನೇರಕ್ಕೆ ಬರುವವರೆಗೆ ದೋಣಿ ತಿರುಗಿಸಿದೆ.