ಪೂರ್ತಿ ಬಿಚ್ಚಿದ ನಟ್ಟು

ಆಲಂಕಾರು ಊರಿನ ಒಂದು ಮನೆಯ ಸಣ್ಣ ಟ್ರ್ಯಾಕ್ಟರಿನ ಸ್ಟಿಯರಿಂಗ್ ಚಕ್ರ ತುಕ್ಕು ಹಿಡಿದು ಶಾಫ್ಟಿನ ಕಂಬಿಗೆ ಕಚ್ಚಿಕೊಂಡಿತ್ತು. ಕಳಚಲು ನನ್ನನ್ನು ಕರೆಸಿದ್ದರು. ಯಜಮಾನರು ಬೆಲ್ಲ, ನೀರು ಕೊಟ್ಟು, ಬಾಯಿ ಮುಚ್ಚಿಕೊಂಡೇ ನಕ್ಕು ಜಗಲಿಯಲ್ಲಿ ಕೂತರು. ನಾನು ಮೆಕ್ಯಾನಿಕ್ಕಿನ ಗತ್ತಿನಲ್ಲಿ ನಡುವಿನ ನಟ್ಟು ಬಿಚ್ಚಿ ಕಿಸೆಗೆ ಹಾಕಿ, ಸೀಟಿನಲ್ಲಿ ಕೂತು, ಸ್ಟಿಯರಿಂಗನ್ನು ಎದೆಯತ್ತ ಎಳೆದೆ. ಅಲುಗಲಿಲ್ಲ.

"ಎಂತ ಮಾರಾಯ್ರೆ, ನಟ್ಟು ಪೂರ್ತಿ ತೆಗೆದ್ರಾ? ನಾಲ್ಕು ಸುತ್ತು ವಾಪಸ್ ಹಾಕಿ," ಎಂದರು ಹತ್ತಿರ ಬಂದ ಅವರ ಹೆಂಡತಿ.

ಇವರಿಗೆಂತ ಗೊತ್ತು ಅಂದುಕೊಂಡೇ ಹಾಕಿದೆ. ಮತ್ತೆ ಎಳೆಯುವಾಗ ಆ ಅಕ್ಕನೇ ಸುತ್ತಿಗೆ ತೆಗೆದು ಶಾಫ್ಟಿನ ತಲೆಗೆ ಒಂದು ಬಿಟ್ಟರು. ಸ್ಟಿಯರಿಂಗ್ ಟಪ್ಪನೆ ಎದ್ದು, ನನ್ನ ಮುಖಕ್ಕೆ ಬರುವ ಮೊದಲೇ ನಟ್ಟಿಗೆ ತಾಗಿ ನಿಂತಿತು.

"ಇದು ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?"

ಅಕ್ಕ ಜಗಲಿಯತ್ತ ನೋಡಿದರು. ಯಜಮಾನರು ಈಗ ಬಾಯಿ ತೆರೆದೇ ನಕ್ಕರು. ಮುಂದಿನ ಎರಡು ಹಲ್ಲು ಇರಲಿಲ್ಲ.

ನಾನು ನಾಲಗೆಯಿಂದ ನನ್ನ ಹಲ್ಲುಗಳನ್ನು ಮೆಲ್ಲನೆ ಮುಟ್ಟಿ ನೋಡಿಕೊಂಡೆ.